ಹತ್ತು ನಿಮಿಷದ ಸೆಮಿನಾರ್: ಎಂ.ಎ. ಗೆಳೆಯರಿಗೆ ಟಿಪ್ಪಣಿ

ಎಂ.ಎ. ಕನ್ನಡದಲ್ಲಿ ನನಗೆ ಬಂದ ಮೊದಲ ಸೆಮಿನಾರ್ ವಿಷಯ ಹಲ್ಮಿಡಿ ಶಾಸನ, ಕನ್ನಡದ ಅತಿ ಹಳೆಯ ಶಾಸನ ಎಂದು ಬಹುಕಾಲ ಹೆಸರಾದ ಕಲ್ಬರಹ. ಬೇಲೂರು ತಾಲ್ಲೂಕಿನ ಊರು, ಸುಮಾರು ಕ್ರಿ.ಶ. 450ರ ಕಾಲ, 16 ಸಾಲು, 1936ರಲ್ಲಿ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಬೆಳಕಿಗೆ ತಂದದ್ದು, ಕದಂಬರು, ಲಿಪಿ, ಭಾಷೆ ಎಲ್ಲವನ್ನೂ ತುಂಬಿಕೊಂಡು ಹೋದೆ. ಹತ್ತು ನಿಮಿಷ ಮುಗಿದಾಗ ಭಾಷೆಯ ಮಾತು ಶುರುವೇ ಆಗಿರಲಿಲ್ಲ. ಮೇಷ್ಟ್ರು ಮುಂದಿನ ವಾರ ಇನ್ನೊಂದು ಅವಕಾಶ ಕೊಟ್ಟರು. ಆ ವಾರ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಿಷಯವನ್ನು ಒಂದೇ ಒಂದು ಪ್ರಶ್ನೆ ಮಾಡಿಕೊಳ್ಳಿ. ಶಾಸನದಲ್ಲಿ ಊರಿನ ಹೆಸರು ‘ಪಲ್ಮಡಿ’ ಎಂದಿದೆ. ಇವತ್ತು ನಾವು ಹಲ್ಮಿಡಿ ಅನ್ನುತ್ತೇವೆ. ಆ ‘ಪ’ ಎಲ್ಲಿ ಹೋಯಿತು? ಹತ್ತು ನಿಮಿಷಕ್ಕೆ ಇಷ್ಟು ಸಾಕು. ಪಾಲು ಹಾಲಾಯಿತು, ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು. ಹಳಗನ್ನಡ ನಡುಗನ್ನಡವಾಗುವಾಗ ನಡೆದ ಈ ಬದಲಾವಣೆ ಕೇಳುವವರ ಬಾಯಲ್ಲೇ ಇದೆ, ಅಲ್ವಾ? ಉಳಿದ ಮಾಹಿತಿ ಈ ಪ್ರಶ್ನೆಗೆ ಬೇಕಾದಷ್ಟು ಮಾತ್ರ ಬರಲಿ. ಶಾಸನದ ಕಾಲ ಹೇಳಲೇಬೇಕು. ಆಗ ‘ಪ’ ಇನ್ನೂ ಇತ್ತು ಅನ್ನುವುದಕ್ಕೆ ಅದೇ ಆಧಾರ. ಶಾಸನ ಸಿಕ್ಕಿದ ಕಥೆ ಬೇಡ. ಕಷ್ಟಪಟ್ಟು ಓದಿದ್ದನ್ನು ಬಿಡಲು ಮನಸ್ಸು ಬರುವುದಿಲ್ಲ, ನಿಜ. ಆದರೂ ಬಿಡಿ.

ಮೊದಲ ಸ್ಲೈಡಿನಲ್ಲಿ ‘ಪಲ್ಮಡಿ – ಹಲ್ಮಿಡಿ’, ಎರಡೇ ಪದ, ದೊಡ್ಡದಾಗಿ. ಪ್ಯಾರಾ ಹಾಕಿದರೆ ಎಲ್ಲರೂ ಅದನ್ನೇ ಓದುತ್ತಾ ಕೂರುತ್ತಾರೆ. ಟೈಪ್ ಮಾಡುವಾಗ ಯೂನಿಕೋಡ್ ಫಾಂಟನ್ನೇ ಬಳಸಿ. ಹಳೆಯ ಫಾಂಟಿನಲ್ಲಿ ಮಾಡಿದ್ದು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಬಹುದು. ಪೆನ್‌ಡ್ರೈವ್‌ನಲ್ಲಿ ಒಂದು ಪಿಡಿಎಫ್ ಕೂಡ ಇರಲಿ.

ಅಭ್ಯಾಸವನ್ನು ಎದ್ದು ನಿಂತು, ಗಟ್ಟಿಯಾಗಿ, ಫೋನಿನಲ್ಲಿ ಸಮಯ ನೋಡಿಕೊಂಡು ಮಾಡಿ. ಮನಸ್ಸಿನಲ್ಲೇ ಓದಿಕೊಂಡರೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗೊತ್ತಾಗುವುದಿಲ್ಲ. ಹತ್ತು ನಿಮಿಷ ಕೊಟ್ಟಿದ್ದರೆ ಎಂಟು ನಿಮಿಷದ ಮಾತು ತಯಾರಿಸಿ. ಮೊದಲ ಎರಡು ವಾಕ್ಯ ಮತ್ತು ಕೊನೆಯ ವಾಕ್ಯ ಬಾಯಿಪಾಠ ಇರಲಿ. ನಡುವಿನದಕ್ಕೆ ಚೀಟಿಯಲ್ಲಿ ನಾಲ್ಕೈದು ಪದ ಸಾಕು. ನಾನು ಹಾಸ್ಟೆಲಿನಲ್ಲಿ ಕಾಮರ್ಸ್ ಓದುವ ರೂಮ್‌ಮೇಟ್ ಮುಂದೆ ಹೇಳಿ ನೋಡಿದೆ. ಅವಳು ನಡುವೆಯೇ ತಡೆದು, "ನಡುಗನ್ನಡ ಅಂದ್ರೆ ಯಾವ ಕಾಲ ಕಣೇ?" ಅಂದಳು. ನನ್ನ ಮಾತಿನಲ್ಲಿ ಅದು ಎಲ್ಲೂ ಇರಲಿಲ್ಲ. ಆ ರಾತ್ರಿ ಒಂದು ವಾಕ್ಯ ಸೇರಿಸಿದೆ: ನಡುಗನ್ನಡ ಅಂದರೆ ಸುಮಾರು 12ನೇ ಶತಮಾನದಿಂದ ಮುಂದಿನ ಕೆಲವು ಶತಮಾನಗಳ ಕನ್ನಡ. ನಿಮ್ಮ ವಿಷಯ ಓದದವರ ಮುಂದೆ ಒಮ್ಮೆ ಹೇಳಿ ನೋಡಲೇಬೇಕು.

ಪ್ರಶ್ನೆ ಬಂದಾಗ ಪೂರ್ತಿ ಕೇಳಿಸಿಕೊಳ್ಳಿ, ಒಂದು ಉಸಿರು ತೆಗೆದುಕೊಂಡು ಉತ್ತರಿಸಿ. ನನಗೆ ಬಂದ ಪ್ರಶ್ನೆ ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಸಿಂಹದ ಆಕಾರದ ಕಲ್ಲಿನ ಕಟಕಟೆಯ ಮೇಲಿರುವ ಶಾಸನದ ಬಗ್ಗೆ: "ತಾಳಗುಂದದ ಸಿಂಹಕಟಾಂಜನ ಶಾಸನ ಇದಕ್ಕಿಂತ ಹಳೆಯದಲ್ಲವೇ?" ನಾನು ಹೇಳಿದ್ದು ಇಷ್ಟು: "ಹೌದು ಸರ್, ಅದು ಕ್ರಿ.ಶ. 370ರದ್ದು ಎನ್ನುವ ವಾದ ಇದೆ. ಆ ಶಾಸನದ ಪಾಠವನ್ನು ನಾನು ಇನ್ನೂ ಓದಿಲ್ಲ. ಅಲ್ಲಿ ‘ಪ’ ಹೇಗಿದೆ ಎಂದು ನೋಡಿ, ನಾಳೆ ಬಂದು ಹೇಳುತ್ತೇನೆ."