ಸಕ್ಕರೆ ಇಳಿಸಿದವರಿಗೆ ಸಿಹಿ ಏಕೆ ಹೆಚ್ಚೆನಿಸುತ್ತದೆ?

ಕಾಫಿಗೆ ಎರಡು ಚಮಚ ಸಕ್ಕರೆ ಹಾಕಿಕೊಳ್ಳುತ್ತಿದ್ದವರು ಅರ್ಧ ಚಮಚಕ್ಕೆ ಇಳಿದ ಕೆಲವು ತಿಂಗಳ ಮೇಲೆ, ಮದುವೆಮನೆಯ ಕಾಫಿಯನ್ನು ಬಾಯಿಗಿಟ್ಟು ‘ಇದೇನು, ಪಾನಕವೇ?’ ಎಂದು ಮುಖ ಕಿವುಚುವುದುಂಟು. ಇದು ಅವರ ಮನಸ್ಸಿನ ಭಾವನೆ ಮಾತ್ರವೋ, ಸಿಹಿಯನ್ನು ಅಳೆಯುವ ಬಗೆಯೇ ಬದಲಾಗಿರುತ್ತದೆಯೋ?

ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಮೊನೆಲ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಉತ್ತರ ಹುಡುಕಿತು. ಒಂದು ಗುಂಪಿನವರು ಸಕ್ಕರೆಯಂಥ ಸರಳ ಶರ್ಕರಗಳಿಂದ ದೊರೆಯುತ್ತಿದ್ದ ಕ್ಯಾಲೊರಿಯಲ್ಲಿ ಶೇ. 40ರಷ್ಟನ್ನು ಬಿಟ್ಟು, ಅದನ್ನು ಕೊಬ್ಬು, ಪ್ರೋಟೀನ್ ಮತ್ತು ಪಿಷ್ಟದಂಥ ಆಹಾರದಿಂದ ತುಂಬಿಕೊಂಡು ಮೂರು ತಿಂಗಳು ಕಳೆದರು; ಇನ್ನೊಂದು ಗುಂಪು ಎಂದಿನಂತೆಯೇ ಉಂಡಿತು. ತಿಂಗಳಿಗೊಮ್ಮೆ ಎರಡೂ ಗುಂಪಿನವರಿಗೆ ಬೇರೆ ಬೇರೆ ಪ್ರಮಾಣದ ಸಕ್ಕರೆ ಬೆರೆಸಿದ ವೆನಿಲ್ಲಾ ಪುಡ್ಡಿಂಗನ್ನೂ ರಾಸ್‌ಬೆರಿ ಪಾನೀಯವನ್ನೂ ಕೊಟ್ಟು, ಎಷ್ಟು ಸಿಹಿ, ಎಷ್ಟು ಹಿತ ಎಂದು ಪ್ರತ್ಯೇಕವಾಗಿ ಕೇಳಲಾಯಿತು. ಮೂರನೆಯ ತಿಂಗಳ ಹೊತ್ತಿಗೆ, ಸಕ್ಕರೆ ಇಳಿಸಿದವರಿಗೆ ಅದೇ ಪುಡ್ಡಿಂಗ್ ಉಳಿದವರಿಗಿಂತ ಸುಮಾರು ಶೇ. 40ರಷ್ಟು ಹೆಚ್ಚು ಸಿಹಿಯಾಗಿ ತೋರಿತು. ಪಾನೀಯದಲ್ಲಿ ಈ ಪರಿಣಾಮ ದುರ್ಬಲವಾಗಿತ್ತು.

ಆದರೆ ಹಿತದ ಅಂಕಗಳು ಬದಲಾಗಲಿಲ್ಲ. ನನಗೆ ಇಡೀ ಅಧ್ಯಯನದಲ್ಲಿ ಅತ್ಯಂತ ಮುಖ್ಯವೆನಿಸುವುದು ಇದೇ, ಏಕೆಂದರೆ ಸಿಹಿಯನ್ನು ಗುರುತಿಸುವುದೂ ಸಿಹಿಯನ್ನು ಬಯಸುವುದೂ ಒಂದೇ ಅಲ್ಲ ಎಂಬುದನ್ನು ಅದು ಸ್ಪಷ್ಟವಾಗಿ ತೋರಿಸುತ್ತದೆ. ಉಪ್ಪಿನ ವಿಷಯ ಹೀಗಲ್ಲ: 1982ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕೆಲವು ತಿಂಗಳು ಉಪ್ಪು ಕಡಿಮೆ ಮಾಡಿದವರಿಗೆ ಕಡಿಮೆ ಉಪ್ಪಿನ ತಿನಿಸೇ ಹೆಚ್ಚು ರುಚಿಸತೊಡಗಿತ್ತು.

ನಾಲಗೆಯ ರುಚಿಮೊಗ್ಗುಗಳಲ್ಲಿ ಸಿಹಿಯನ್ನು ಹಿಡಿಯುವ ಗ್ರಾಹಕವು ಎರಡು ಪ್ರೋಟೀನುಗಳು ಜೊತೆಗೂಡಿ ಆದದ್ದು. ನಮ್ಮ ಕಾಡುಗಳಲ್ಲಿ ಬೆಳೆಯುವ ಮಧುನಾಶಿನಿಯ ಎಲೆಯನ್ನು ಅಗಿದರೆ ಸ್ವಲ್ಪ ಹೊತ್ತು ಸಕ್ಕರೆ ಮರಳಿನಂತಾಗುವುದು, ಅದರ ರಾಸಾಯನಿಕಗಳು ಈ ಗ್ರಾಹಕಕ್ಕೆ ಅಡ್ಡಗಟ್ಟುವುದರಿಂದ. ಸಕ್ಕರೆ ಇಳಿಸಿದಾಗ ಆಗುವುದು ಇಷ್ಟು ನೇರವಾದ ಕ್ರಿಯೆಯಲ್ಲ. ರುಚಿಕೋಶಗಳು ಸರಾಸರಿ ಹತ್ತು ದಿನಗಳ ಆಸುಪಾಸಿನಲ್ಲಿ ಹೊಸದಾಗುತ್ತವೆ. ಬದಲಾವಣೆ ಗಟ್ಟಿಯಾಗಲು ತಿಂಗಳುಗಳೇ ಬೇಕಾದುದನ್ನು ನೋಡಿದರೆ, ಕೋಶಗಳು ಹೊಸದಾಗುವುದೊಂದೇ ಇದಕ್ಕೆ ಕಾರಣವೆನ್ನಲು ಸಾಕಾಗದು.

ಹಾಗಾಗಿ ಎರಡು ವಾರ ಸಪ್ಪೆ ಕಾಫಿ ಕುಡಿದು ‘ಇದು ನನಗೆ ಒಗ್ಗುವುದಿಲ್ಲ’ ಎಂದು ಕೈಬಿಡುವವರನ್ನು ಕಂಡಾಗ ನನಗೆ ಮರುಕವಾಗುತ್ತದೆ. ಅವರು ನಿಂತದ್ದು ಬದಲಾವಣೆ ಕಾಣಿಸಿಕೊಳ್ಳುವ ಮೊದಲೇ. ಹಾಗೆಯೇ, ಮೂರು ತಿಂಗಳ ನಂತರವೂ ಮೈಸೂರುಪಾಕನ್ನು ಕಂಡು ಬಾಯಲ್ಲಿ ನೀರೂರಿದರೆ ಅದನ್ನು ಸೋಲೆಂದು ಭಾವಿಸಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದ ಮಿತಿಯ ಪ್ರಕಾರ, ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆಯೆಲ್ಲ ಕೂಡಿ 50 ಗ್ರಾಂ ಮೀರಬಾರದು. ಹಿತದ ಅಳತೆ ತಾನಾಗಿ ಇಳಿಯದಿರುವುದರಿಂದ, ಈ ಮಿತಿಯನ್ನು ನಾಲಗೆಯ ಒಪ್ಪಿಗೆಗೆ ಬಿಡದೆ, ಅಡುಗೆಮನೆಯ ಡಬ್ಬಿಯಲ್ಲಿರುವ ಚಮಚದಿಂದಲೇ ಅಳೆದುಕೊಳ್ಳಬೇಕಾಗುತ್ತದೆ.