ಪಿಕ್ಟೋಗ್ರಾಂ: ಭಾಷೆ ಬಾರದವರ ಫಲಕ

ಒಲಿಂಪಿಕ್ಸ್ ಟಿಕೆಟ್ ಮೇಲೆ, ಕ್ರೀಡಾಂಗಣದ ಬಾಗಿಲಲ್ಲಿ ಒಂದು ಪುಟ್ಟ ಗೊಂಬೆ ಇರುತ್ತದೆ. ದುಂಡು ತಲೆ, ಗೆರೆಯಂಥ ಕೈಕಾಲು, ಕಣ್ಣು ಮೂಗು ಏನೂ ಇಲ್ಲ. ಬಿಲ್ಲು ಎಳೆದು ನಿಂತಿದ್ದರೆ ಆರ್ಚರಿ, ಎರಡು ಚಕ್ರದ ಮೇಲೆ ಬಗ್ಗಿದ್ದರೆ ಸೈಕ್ಲಿಂಗ್. ಇದೇ ಪಿಕ್ಟೋಗ್ರಾಂ. ಕನ್ನಡದಲ್ಲಿ ಚಿತ್ರಸಂಕೇತ ಅನ್ನಬಹುದು.

ಇದು ಲೋಗೋ ಅಲ್ಲ. ಐದು ಉಂಗುರ ಒಲಿಂಪಿಕ್ಸ್‌ನ ಗುರುತು ಅಂತ ಯಾರಾದರೂ ಹೇಳಿಕೊಟ್ಟರೆ ತಾನೇ ಗೊತ್ತಾಗುವುದು? ಪಿಕ್ಟೋಗ್ರಾಂ ಹಾಗಲ್ಲ. ಮೊದಲ ಸಲ ನೋಡುವವರಿಗೂ, ಅದೂ ನಡೆಯುತ್ತಾ ನಡೆಯುತ್ತಾ, ತಿಳಿದುಬಿಡಬೇಕು.

ಆಟಗಳಿಗೆ ಚಿತ್ರ ಬರೆಯುವುದು ಮೊದಲೂ ಇತ್ತು. ಅದನ್ನು ಒಂದು ಪೂರ್ತಿ ವ್ಯವಸ್ಥೆಯಾಗಿ ಕಟ್ಟಿದ್ದು 1964ರ ಟೋಕಿಯೋದಲ್ಲಿ. ಏಷ್ಯಾದಲ್ಲಿ ನಡೆದ ಮೊದಲ ಒಲಿಂಪಿಕ್ಸ್ ಅದು. ಬರುವವರಲ್ಲಿ ಬಹುತೇಕರಿಗೆ ಜಪಾನಿ ಓದಲು ಬಾರದು. ಎಷ್ಟು ಭಾಷೆಯಲ್ಲಿ ಅಂತ ಬೋರ್ಡ್ ಬರೆಸುತ್ತೀರಿ? ಹಾಗಾಗಿ ಮಸಾರು ಕತ್ಸುಮಿಯೆ ಅವರ ತಂಡ ಚಿತ್ರಗಳ ಮೊರೆಹೋಯಿತು. ಆಟಗಳಿಗೆ 20 ಚಿತ್ರ, ಅವನ್ನು ರೂಪಿಸಿದ್ದು ಯೋಶಿರೊ ಯಮಶಿತ. ಇದರ ಜೊತೆ ಫೋನು, ಊಟ, ಶೌಚಾಲಯ ಇಂಥವುಗಳಿಗೆ ಬೇರೆ ಚಿತ್ರಗಳು. ಶೌಚಾಲಯದ ಬಾಗಿಲ ಮೇಲೆ ಗಂಡು-ಹೆಣ್ಣಿನ ಗೊಂಬೆ ಹಾಕುವ ರೂಢಿ ಹಬ್ಬಲು ಈ ಕೆಲಸ ದೊಡ್ಡ ಕಾರಣ. ವಿನ್ಯಾಸಕಾರರು ಹಕ್ಕುಸ್ವಾಮ್ಯವನ್ನೂ ಬಿಟ್ಟುಕೊಟ್ಟರು. ಪದಕಗಳಿಗಿಂತ ಜಾಸ್ತಿ ಬಾಳಿಕೆ ಬಂದದ್ದು ಈ ಗೊಂಬೆಗಳೇ ಇರಬೇಕು!

1972ರ ಮ್ಯೂನಿಕ್‌ಗೆ ಜರ್ಮನ್ ವಿನ್ಯಾಸಕಾರ ಓಟ್ಲ್ ಐಶರ್ ಮಾಡಿದ್ದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಚೌಕುಳಿ ಹಾಕಿದ ಒಂದು ಜಾಲರಿ. ಗೆರೆಗಳು ಅಡ್ಡ, ನೆಟ್ಟಗೆ, ಇಲ್ಲವೇ 45 ಡಿಗ್ರಿ ಓರೆ. ತಲೆ ಒಂದು ಚುಕ್ಕೆ, ಮೈಗೆ ಅಂಟಿಕೊಂಡಿಲ್ಲ. ಇಷ್ಟೇ ಸಾಮಾನು. ಆದರೂ ಓಟಗಾರ ಓಡುತ್ತಾನೆ, ಕುಸ್ತಿಯವನು ಹಿಡಿಯುತ್ತಾನೆ. ಮುಂದಿನ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲೂ ಇವನ್ನೇ ಬಳಸಿದರು. ನನ್ನ ಮಟ್ಟಿಗೆ ಇಲ್ಲಿಯವರೆಗೆ ಇದನ್ನು ಮೀರಿಸಿದ್ದು ಬಂದಿಲ್ಲ.

ಆಮೇಲೆ ಈ ಗೊಂಬೆಗಳು ತಮ್ಮ ಊರಿನ ವೇಷ ತೊಟ್ಟವು. ಬಾರ್ಸಿಲೋನಾದಲ್ಲಿ ಕುಂಚದ ಬೀಸು, ನಾರ್ವೆಯ ಲಿಲ್ಲೆಹಾಮರ್‌ನಲ್ಲಿ ಬಂಡೆಯ ಮೇಲಿನ ಹಳೇ ಕೆತ್ತನೆಯ ಛಾಯೆ, ಸಿಡ್ನಿಯಲ್ಲಿ ಬೂಮರಾಂಗ್ ಕೈಕಾಲು, ಬೀಜಿಂಗ್‌ನಲ್ಲಿ ಚೀನಾದ ಹಳೇ ಮುದ್ರೆಗಳ ಲಿಪಿ. ನೋಡಲು ಚೆಂದ. ಆದರೆ ವೇಷ ಹೆಚ್ಚಾದಷ್ಟೂ ಆಟ ಮಸುಕಾಗುವ ಅಪಾಯ ಇದ್ದೇ ಇದೆ, ಅಲ್ವಾ? ಮೆಕ್ಸಿಕೋದಲ್ಲಿ 1968ರಲ್ಲೇ ಬೇರೆ ದಾರಿ ಹಿಡಿದಿದ್ದರು: ಇಡೀ ಆಟಗಾರನ ಬದಲು ಒಂದು ಕೈ, ಒಂದು ಚೆಂಡು, ಅಷ್ಟೇ.

2021ರಲ್ಲಿ ನಡೆದ ಟೋಕಿಯೋ 2020ರ ಉದ್ಘಾಟನೆಯಲ್ಲಂತೂ ನೀಲಿ-ಬಿಳಿ ಉಡುಪಿನ, ಚೆಂಡಿನಂಥ ತಲೆಯ ಕಲಾವಿದರು 50 ಚಿತ್ರಗಳನ್ನೂ ಒಂದರ ಹಿಂದೊಂದು ಮೈಯಲ್ಲೇ ಮಾಡಿ ತೋರಿಸಿದರು. ಮಾತಿಲ್ಲ, ವಿವರಣೆ ಇಲ್ಲ.

ಪ್ಯಾರಿಸ್ 2024ರಲ್ಲಿ ಮನುಷ್ಯನ ಆಕೃತಿಯನ್ನೇ ಕೈಬಿಟ್ಟು, ಆಟದ ಸಾಮಾನು ಮತ್ತು ಅಂಗಳದ ಗೆರೆಗಳನ್ನು ಕನ್ನಡಿಯಲ್ಲಿ ಕಂಡಂತೆ ಎರಡೂ ಬದಿ ಜೋಡಿಸಿದರು. ಹಳೇ ರಾಜಮನೆತನದ ಲಾಂಛನದ ಹಾಗೆ. ಗೋಡೆಗೆ ಹಾಕಿಕೊಳ್ಳುವಷ್ಟು ಸೊಗಸು. ಕೆಲವದರಲ್ಲಿ ಮಾತ್ರ ಪಕ್ಕದ ಹೆಸರು ಓದಿದ ಮೇಲೇ ನನಗೆ ಯಾವ ಆಟ ಅಂತ ಗೊತ್ತಾಗಿದ್ದು.