187 ದಿನ ಅಂದರೆ ಏನು? ಟಿಯೋಟ್ರೋಪಿಯಂ, ಸಾಲ್ಮೆಟೆರಾಲ್ ಹೋಲಿಕೆ

ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶ ಕಾಯಿಲೆ) ಪಾಠದಲ್ಲಿ ಒಂದು ಸಾಲು ಎಲ್ಲರಿಗೂ ಬಾಯಿಪಾಠ: ಉಲ್ಬಣ, ಅಂದರೆ ತೊಂದರೆ ದಿಢೀರ್ ಹೆಚ್ಚಾಗುವುದನ್ನು ತಡೆಯಲು ಲಾಬಾಗಿಂತ ಲಾಮಾ ಮೇಲು. ಎರಡೂ ಉಸಿರಿನಲ್ಲಿ ಎಳೆದುಕೊಳ್ಳುವ, ದೀರ್ಘಕಾಲ ಕೆಲಸ ಮಾಡುವ ಔಷಧಿಗಳ ಗುಂಪು. ಯಾಕೆ ಅಂತ ಕೇಳಿದರೆ ತಡವರಿಸುತ್ತೇವೆ. ನಾನಂತೂ ತಡವರಿಸಿದ್ದೆ.

ಶ್ವಾಸನಾಳದ ಸುತ್ತಲಿನ ಸ್ನಾಯು ಬಿಗಿದರೆ ಉಸಿರಿನ ದಾರಿ ಕಿರಿದಾಗುತ್ತದೆ. ಸಾಲ್ಮೆಟೆರಾಲ್‌ನಂಥ ಲಾಬಾ ಸ್ನಾಯುವಿನ ಜೀವಕೋಶದ ಮೇಲೆ ಸಂಕೇತ ಹಿಡಿಯುವ ಬೀಟಾ-2 ಗ್ರಾಹಕವನ್ನು (ರಿಸೆಪ್ಟರ್) ಚುರುಕುಗೊಳಿಸಿ ಅದನ್ನು ಸಡಿಲಿಸುತ್ತದೆ. ಟಿಯೋಟ್ರೋಪಿಯಂ ಲಾಮಾ, ಅದರ ದಾರಿಯೇ ಬೇರೆ. ಎಂ3 ಎಂಬ ಇನ್ನೊಂದು ಗ್ರಾಹಕದ ಮೇಲೆ ತಾನೇ ಕೂತು, ಸ್ನಾಯು ಬಿಗಿಸುವ ಅಸಿಟೈಲ್‌ಕೋಲಿನ್‌ಗೆ ಜಾಗ ಕೊಡುವುದಿಲ್ಲ. ಬೇಗ ಎದ್ದೂ ಹೋಗುವುದಿಲ್ಲ. ಅದಕ್ಕೇ ದಿನಕ್ಕೆ ಒಂದೇ ಸಲ. ಸಾಲ್ಮೆಟೆರಾಲ್ ಎರಡು ಸಲ.

ಇವೆರಡನ್ನೂ ನೇರವಾಗಿ ಎದುರುಬದುರು ನಿಲ್ಲಿಸಿದ್ದು 2011ರಲ್ಲಿ ಪ್ರಕಟವಾದ ಪೊಯೆಟ್-ಸಿಒಪಿಡಿ ಪ್ರಯೋಗ. 7,376 ರೋಗಿಗಳು, ಒಂದು ವರ್ಷ. ಒಂದು ಔಷಧಿ ಉಸಿರಿನಲ್ಲಿ ಎಳೆಯುವ ಪುಡಿಯ ಕ್ಯಾಪ್ಸೂಲ್, ಇನ್ನೊಂದು ಸ್ಪ್ರೇ. ನೋಡಿದರೇ ಗೊತ್ತಾಗಿಬಿಡುತ್ತದೆ, ಅಲ್ವಾ? ಹಾಗಾಗಿ ಪ್ರತಿಯೊಬ್ಬರಿಗೂ ಎರಡೂ ಸಾಧನ ಕೊಟ್ಟರು. ಒಂದರಲ್ಲಿ ಮಾತ್ರ ನಿಜವಾದ ಔಷಧಿ.

ಮೊದಲ ಉಲ್ಬಣಕ್ಕೆ ಟಿಯೋಟ್ರೋಪಿಯಂ ಗುಂಪಿನಲ್ಲಿ 187 ದಿನ, ಸಾಲ್ಮೆಟೆರಾಲ್ ಗುಂಪಿನಲ್ಲಿ 145 ದಿನ. ಇಲ್ಲೇ ನಾವು ಎಡವುವುದು. ಇದು ಸರಾಸರಿ ಅಲ್ಲ. ಗುಂಪಿನ ಕಾಲು ಭಾಗ ಜನರಿಗೆ ಮೊದಲ ಉಲ್ಬಣ ಆಗುವಷ್ಟರಲ್ಲಿ ಕಳೆದ ದಿನಗಳು. ವರ್ಷ ಮುಗಿದರೂ ಅರ್ಧಕ್ಕಿಂತ ಜಾಸ್ತಿ ಜನರಿಗೆ ಉಲ್ಬಣವೇ ಆಗಿರಲಿಲ್ಲ. ಮತ್ತೆ ಮಧ್ಯಾಂಕ, ಅಂದರೆ ಅರ್ಧ ಜನರಿಗೆ ಉಲ್ಬಣ ಆಗುವಷ್ಟರಲ್ಲಿ ಕಳೆದ ದಿನಗಳು, ಎಲ್ಲಿಂದ ತರುವುದು?

ಟಿಯೋಟ್ರೋಪಿಯಂ ಬಗ್ಗೆ ಈ ಪ್ರಯೋಗದಿಂದ ಹೇಳುವ 'ಶೇ. 17ರಷ್ಟು ಕಡಿಮೆ' ಎನ್ನುವುದೂ ಮೊದಲ ಉಲ್ಬಣದ ಅಪಾಯಕ್ಕೆ ಸೇರಿದ್ದು. ನನಗೆ ಹೆಚ್ಚು ಅರ್ಥವಾಗುವುದು ವರ್ಷದ ಲೆಕ್ಕ: ಟಿಯೋಟ್ರೋಪಿಯಂ ಕಡೆ ಒಬ್ಬರಿಗೆ 0.64 ಉಲ್ಬಣ, ಸಾಲ್ಮೆಟೆರಾಲ್ ಕಡೆ 0.72. ವ್ಯತ್ಯಾಸ 0.08. ಅಂದರೆ ಒಂದು ಉಲ್ಬಣ ತಪ್ಪಿಸಲು ಹನ್ನೆರಡು-ಹದಿಮೂರು ಜನ ವರ್ಷವಿಡೀ ಸಾಲ್ಮೆಟೆರಾಲ್ ಬದಲು ಟಿಯೋಟ್ರೋಪಿಯಂ ಎಳೆಯಬೇಕು. ಲಾಭ ನಿಜ, ಆದರೆ ಪವಾಡವೇನಲ್ಲ.

ಇನ್ನೊಂದು. ಈ ಪ್ರಯೋಗಕ್ಕೆ ಸೇರಿದವರಿಗೆಲ್ಲ ಹಿಂದಿನ ವರ್ಷ ಉಲ್ಬಣ ಆಗಿತ್ತು. ಬರೀ ಏದುಸಿರಿನ ದೂರು ಇರುವವರಿಗೆ ಇದೇ ಅಂಕಿ ಸುಮ್ನೆ ಅಂಟಿಸಬೇಡಿ. ಸಾಲ್ಮೆಟೆರಾಲ್ ಸೋತಿತೆಂದು ಎಲ್ಲ ಲಾಬಾಗಳೂ ಸೋತಂತಲ್ಲ. ಆದರೂ 2013ರ ಇನ್ವಿಗೊರೇಟ್ ಪ್ರಯೋಗದಲ್ಲಿ, 24 ಗಂಟೆ ಕೆಲಸ ಮಾಡುವ ಲಾಬಾ ಇಂಡಕಾಟೆರಾಲ್‌ಗಿಂತಲೂ ಟಿಯೋಟ್ರೋಪಿಯಂ ಕಡೆ ಉಲ್ಬಣ ಕಡಿಮೆಯೇ ಇತ್ತು.

ಈಗ ಪ್ರಶ್ನೆಯೇ ಬದಲಾಗಿದೆ. ಸಿಒಪಿಡಿ ಚಿಕಿತ್ಸೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಗೋಲ್ಡ್ 2023, ಬಿ (ಲಕ್ಷಣ ಹೆಚ್ಚಿರುವವರು) ಮತ್ತು ಇ (ಉಲ್ಬಣ ಹೆಚ್ಚಾಗುವವರು) ಗುಂಪಿನವರಿಗೆ ಲಾಬಾ, ಲಾಮಾ ಎರಡನ್ನೂ ಒಟ್ಟಿಗೇ ಶುರು ಮಾಡಿ ಎನ್ನುತ್ತದೆ.